ಒಂದು ಸೊನ್ನೆ ಜಾಸ್ತಿ

"ಈ ಟೇಬಲ್ ಟೆನಿಸ್ ಮೇಜನ್ನ ಇನ್ಯಾವ ಪುಣ್ಯಾತ್ಮ ಕೊಳ್ತಾನಪ್ಪಾ?" ಎಂದು ಅಂಬುಜಮ್ಮ ಗಾಳಿಗೆ ಕೇಳಿದರು. ಗಂಡ ಆಟ ಬಿಟ್ಟ ಮೇಲೆ ಅದರ ಮೇಲೆ ಹಪ್ಪಳ ಒಣಗುತ್ತಿದ್ದವು. ಆರು ಸಾವಿರಕ್ಕೆಂದು ಆನ್‌ಲೈನಿನಲ್ಲಿ ಜಾಹೀರಾತು ಹಾಕಿದ ಅರ್ಧ ಗಂಟೆಗೆಲ್ಲ ಫೋನ್ ಬಂತು.

"ಅಮ್ಮಾ, ದುಡ್ಡು ಕಳಿಸ್ದೆ. ಅವಸರದಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದು ಅರವತ್ತು ಸಾವಿರ ಹೋಗ್ಬಿಟ್ಟಿದೆ, ಮೆಸೇಜ್ ನೋಡಿ. ಐವತ್ನಾಲ್ಕು ಸಾವಿರ ಈಗ್ಲೇ ವಾಪಸ್ ಹಾಕಿ, ಹೆಂಡ್ತಿ ಆಸ್ಪತ್ರೇಲಿದ್ದಾಳೆ!"

ಮೆಸೇಜೇನೋ ಬಂದಿತ್ತು. "ಪಾಪ, ಬೇಗ ಕಳಿಸೇ," ಎಂದು ಗಂಡ ಚಡಪಡಿಸಿದರು. ಅಂಬುಜಮ್ಮ ತಮ್ಮ ಉಳಿತಾಯವೆಲ್ಲ ಇದ್ದ ಬ್ಯಾಂಕ್ ಖಾತೆಯನ್ನು ಮೊಬೈಲಿನಲ್ಲಿ ತೆರೆದು ಒಮ್ಮೆ ನೋಡಿದರು.

"ಅಯ್ಯೋ ಮಗನೇ! ದೇವರೇ ಕೊಟ್ಟ ಅಂದ್ಕೊಂಡು ಆ ಅರವತ್ತು ಸಾವಿರಾನೂ ಆಗ್ಲೇ ದೇವಸ್ಥಾನಕ್ಕೆ ಕಳಿಸಿಬಿಟ್ಟೆನಲ್ಲೋ!"

"ಬರದೇ ಇರೋ ದುಡ್ಡನ್ನ ಹೆಂಗ್ರೀ ಕಳಿಸಿದ್ರಿ?"



"ನೀನು ಕಳಿಸ್ದೆಯಲ್ಲ, ಹಾಗೇ ಕಣಪ್ಪ. ಇರ್ಲಿ, ನಿನ್ನ ಹೆಸರಲ್ಲೇ ಒಂದು ಅರ್ಚನೆ ಮಾಡಿಸ್ತೀನಿ. ಹೆಸರು, ಗೋತ್ರ, ನಕ್ಷತ್ರ ಹೇಳು."

"ಹೇಳಲ್ಲ ಹೋಗ್ರೀ!"