ಪರದೆಯ ಮೇಲಿನ ಸುಳಿ

ಹೃದಯದ ಸ್ಕ್ಯಾನಿಂಗ್ ಮಾಡುತ್ತಿದ್ದ ಟೆಕ್ನಿಷಿಯನ್ ಹುಡುಗಿಯ ಕೈ ಎದೆಯ ಮೇಲೆ ಒಂದೇ ಕಡೆ ನಿಂತುಬಿಟ್ಟಾಗ ಲೆಕ್ಚರರಮ್ಮ ತಲೆಯೆತ್ತಿ ಅವಳನ್ನು ನೋಡಿದಳು. ಇಷ್ಟು ಹೊತ್ತು ಅದೂ ಇದೂ ಹರಟುತ್ತಿದ್ದವಳು ಈಗ ಗಪ್‌ಚುಪ್. ಏನಾಯಿತೆಂದು ಕೇಳಿದರೆ, "ಏನಿಲ್ಲ ಮೇಡಂ, ಡಾಕ್ಟ್ರು ಹೇಳ್ತಾರೆ" ಎಂದಳು, ಮುಖ ಕೊಡದೆ.

ಮಂಚದ ಪಕ್ಕ ನಿಂತಿದ್ದ ಗಂಡನಿಗೆ ಮಾತ್ರ ಯಂತ್ರದ ಪರದೆಯೇ ಒಂದು ಸಿನಿಮಾ. "ನೋಡೇ, ನಿನ್ನೊಳಗೆ ಎಂಥಾ ಬಣ್ಣ! ಹೂವು ಅರಳ್ದಂಗಿದೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಅಂತೀಯಲ್ಲ, ಅದು ಸೋಮಾರಿತನ ಅಷ್ಟೇ, ಕಾಯಿಲೆಗೀಯಿಲೆ ಏನಿಲ್ಲ. ಪಾಠ ಮಾಡೋಳಲ್ವಾ, ಇದೇನು ಹೇಳು ನೋಡೋಣ."

ಆಕೆ ಪರದೆಯತ್ತ ಕತ್ತು ಹೊರಳಿಸಿದಳು. ಕಿರಿದಾದ ಕಂಡಿಯಿಂದ ಚಿಮ್ಮಿದ ರಕ್ತದ ಹರಿವು ಇದ್ದಕ್ಕಿದ್ದಂತೆ ಅಗಲವಾದ ಜಾಗಕ್ಕೆ ಬಿದ್ದು, ಎರಡೂ ಪಕ್ಕದಲ್ಲಿ ಗಿರಗಿರನೆ ಸುತ್ತುತ್ತಿತ್ತು. ಇಂಜಿನಿಯರಿಂಗ್ ಕಾಲೇಜಿನ ಬೋರ್ಡಿನ ಮೇಲೆ ವರ್ಷಗಟ್ಟಲೆ ತಾನೇ ಬಿಡಿಸಿದ ಚಿತ್ರ! ನಾಲಿಗೆ ಅಭ್ಯಾಸಬಲದಿಂದ ಪಾಠಕ್ಕಿಳಿಯಿತು.

"ಸಣ್ಣ ಪೈಪಿಂದ ರಭಸವಾಗಿ ಬಂದಿದ್ದು ದೊಡ್ಡ ಪೈಪಿಗೆ ಬಿದ್ರೆ ಹೀಗೆ ಸುಳಿ ಏಳತ್ತೆ. ಆ ಸುಳೀಲಿ ಶಕ್ತಿ ಸುಮ್ನೆ ಪೋಲಾಗತ್ತೆ, ಮತ್ತೆ ಕೈಗೆ ಸಿಗಲ್ಲ. ಅದನ್ನ ತುಂಬಿಕೊಡೋಕೆ ಹಿಂದಿರೋ ಪಂಪು ಜಾಸ್ತಿ ದುಡೀಬೇಕು. ದುಡಿದೂ ದುಡಿದೂ ಕೊನೆಗೆ ಪಂಪು..."

"ಹ್ಞೂ, ಪಂಪಿಗೇನಾಗತ್ತೆ?" ನಗುತ್ತಲೇ ಕೇಳಿದ ಗಂಡ ಪರದೆಯಿಂದ ಕಣ್ಣು ತೆಗೆದು ಇವಳ ಕಡೆ ತಿರುಗಿದ. ಆಕೆಯ ಅಂಗೈ, ಸ್ಕ್ಯಾನಿಂಗಿಗೆಂದು ಬಳಿದಿದ್ದ ಜಾರುವ ಜೆಲ್ಲಿನ ಮೇಲೆಯೇ ಎದೆಯನ್ನು ಒತ್ತಿ ಹಿಡಿದಿತ್ತು.