ಹಿಂದಿನ ಗಾಡಿ

“ಹಗ್ಗ ಬಿಗಿಯಾಗೇ ಇರ್ಲಿ ಕಣೇ!” ಟ್ರಾಕ್ಟರ್ ಮೇಲಿಂದ ಶಂಭುಲಿಂಗಯ್ಯ ಕೂಗಿದ. ಟ್ರಾಕ್ಟರ್ ಹಗ್ಗ ಕಟ್ಟಿ ಎಳೆಯುತ್ತಿದ್ದ, ಕೊಬ್ಬರಿ ವ್ಯಾಪಾರಿಯೊಬ್ಬರ ಕೆಟ್ಟುನಿಂತ ಜೀಪಿನಲ್ಲಿ ಹೆಂಡತಿ ಸರ್ವಮಂಗಳ ಸೆರಗು ಬಿಗಿದು ಸ್ಟೀರಿಂಗ್ ಹಿಡಿದಿದ್ದಳು. ಹೀಗೆ ಎಳೆಯುವ ಗಾಡಿಗಳಲ್ಲಿ ಮೊದಲು ಕೂರುತ್ತಿದ್ದ ಮೈದುನ ಮನೆಯಿಂದ ಬೇರೆಯಾದಾಗ, ಕೆಟ್ಟ ಗಾಡಿ ಎಳೆಯುವ ಸಂಪಾದನೆ ನಿಂತೇಹೋಯಿತೆಂದು ಗಂಡ ತಲೆ ಮೇಲೆ ಕೈ ಹೊತ್ತಿದ್ದ. “ನಾನು ಕೂರ್ತೀನಿ ಬುಡಿ” ಎಂದಿದ್ದಳು ಇವಳು. ಅಂದಿನಿಂದ ತಿರುವು, ಬ್ರೇಕು ಎಲ್ಲವನ್ನೂ ಸತ್ತ ಗಾಡಿಗಳಲ್ಲೇ ಕಲಿತಿದ್ದಳು.

ಹಾಲ್ಕುರಿಕೆ ದಾಟಿದ ಮೇಲೆ, ಎಳೆತದಲ್ಲೇ ಎಂಜಿನ್ ಎಬ್ಬಿಸಿ ನೋಡೆಂದು ಗಂಡ ಕೈ ಬೀಸಿದ. ಅವಳು ಗೇರ್ ಹಾಕಿ ಕ್ಲಚ್ ಬಿಟ್ಟಳು. ಜೀಪು ಮುಗ್ಗರಿಸಿ, ಕೆಮ್ಮಿ, ಗುರ್ ಎಂದು ಎದ್ದಿತು. ಬಿಗಿದಿದ್ದ ನಾರಿನ ಹಗ್ಗ ಜೋತು ನೆಲ ಸವರಿತು. ಎಂಜಿನ್ ಆರದಂತೆ ಜೀಪು ನಿಲ್ಲಿಸಿದಳು.

ಗಂಡ ಓಡಿಬಂದು ಹಗ್ಗ ಬಿಚ್ಚಿದ. “ಇಳಿಯೇ, ತಿಪಟೂರಿಗೆ ನಾನು ಓಡಿಸ್ತೀನಿ.”

“ಹಂಗಾರೆ ಟ್ರಾಕ್ಟರ್ ಯಾರು ತರ್ತಾರೆ?”

ಶಂಭುಲಿಂಗಯ್ಯ ಟ್ರಾಕ್ಟರ್ ನೋಡಿದ, ಜೀಪು ನೋಡಿದ. ಸರ್ವಮಂಗಳ ಹಾರ್ನ್ ಒತ್ತಿದಳು. ಅವನು ದಾರಿ ಬಿಟ್ಟ.