ಎದೆಯ ಮೇಲಿನ ಗೂಟ

ಹೊಸ ನಾಡಿಗೆ ಬಂದ ಹಡಗಿನಲ್ಲಿ ಪಾದ್ರಿ ಇರಲಿಲ್ಲ. ಆದ್ದರಿಂದ ಜ್ವರದಲ್ಲಿ ತೀರಿಕೊಂಡ ಮಗನನ್ನು ಹಲ್ವಾರ್ ತನ್ನವರ ಪದ್ಧತಿಯಂತೆ ಹೂಳಿ, ಎದೆಗೆ ತಾಗುವ ಹಾಗೆ ಒಂದು ಗೂಟ ನೆಟ್ಟಿದ್ದ. ಮುಂದೆಂದಾದರೂ ಪಾದ್ರಿ ಬಂದು, ಗೂಟ ಕಿತ್ತು, ಆ ಕಂಡಿಯಲ್ಲಿ ತೀರ್ಥ ಸುರಿದರೆ ಮಗನಿಗೆ ಸದ್ಗತಿ. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟಬಾರದು.

ಆದರೆ ಕಾಡಿನವರ ಕಣ್ಣು ಆ ಗೂಟದ ಮೇಲೆಯೇ ಇತ್ತು. ಅವರಲ್ಲೊಬ್ಬ ಮುದುಕಿ ದಿನವೂ ಬಂದು ಮರದ ಮರೆಯಲ್ಲಿ ನಿಲ್ಲುವಳು. ಹಲ್ವಾರ್ ಕುರಿದೊಡ್ಡಿಗೆಂದು ಹೊಸ ಗೂಟ ಕೆತ್ತುವಾಗಲೂ ಅವನ ಕೈಯನ್ನೇ ನೋಡುವಳು.

"ಆ ಮುದುಕಿಯ ನೋಟ ನೆಟ್ಟಗಿಲ್ಲ ಮಾರಾಯ," ಎಂದ ನೆರೆಯವನು. "ಹೆಣವನ್ನೂ ಬಿಡುವವರಲ್ಲ ಅವರು."

"ಗೂಟ ಮುಟ್ಟಲಿ, ಆಮೇಲೆ ನೋಡು," ಎಂದ ಹಲ್ವಾರ್.

ಮರುದಿನ ಅವನು ಮೀನು ಹಿಡಿದು ಬರುವಷ್ಟರಲ್ಲಿ ಗೂಟ ಇರಲಿಲ್ಲ. ಗುಡಿಸಲಿನಲ್ಲಿ ಜ್ವರ ಬಂದು ಮಲಗಿದ್ದ ಮಗಳೂ ಇರಲಿಲ್ಲ.

ದೇವರನ್ನು ನೆನೆಯುತ್ತಲೇ ಕೊಡಲಿ ಹಿಡಿದು ಅವನು ಕಾಡಿನವರ ಬಿಡಾರಕ್ಕೆ ನುಗ್ಗಿದ. ಮುದುಕಿ ಓಡಲಿಲ್ಲ. ತೊಗಲು ಹೊದ್ದಿದ್ದ ಅವನ ಮಗಳನ್ನು ಬೆನ್ನ ಹಿಂದೆ ಸರಿಸಿ, ಕಿತ್ತ ಗೂಟವನ್ನೇ ಅಡ್ಡ ಹಿಡಿದು ನಿಂತಳು.

"ಸತ್ತವನನ್ನೂ ನೆಮ್ಮದಿಯಾಗಿ ಮಲಗಗೊಡಲಿಲ್ಲ. ಈಗ ಇವಳೂ ಬೇಕೇನೇ ನಿನಗೆ?" ಎಂದು ಹಲ್ವಾರ್ ಕೊಡಲಿ ಎತ್ತಿದ.

"ಅಪ್ಪಾ, ಕೊಡಲಿ ಕೆಳಗಿಡು," ಎಂದಳು ಮಗಳು. "ಅಜ್ಜಿ ಎಲ್ಲಾ ಸನ್ನೆ ಮಾಡಿ ಹೇಳಿದಳು. ಅಣ್ಣನ ಎದೆಗೆ ನೀನು ಗೂಟ ಹೊಡೆದದ್ದನ್ನ ನೋಡಿದ್ದಾಳಂತೆ. ಈಗ ಕೆತ್ತುತ್ತಿರೋ ಹೊಸದು ನನಗೆ ಅಂದುಕೊಂಡಿದ್ದಾಳೆ."